ಮೋಟು ಕೇಬಲ್

ಮಗಳ ಆನ್‌ಲೈನ್ ಸಂದರ್ಶನದ ನಡುವೆಯೇ ಇಂಟರ್ನೆಟ್ ಕಣ್ಣಾಮುಚ್ಚಾಲೆ ಶುರುಮಾಡಿತು. ಅಪ್ಪ ಕಾಲು ಸುಟ್ಟ ಬೆಕ್ಕಿನಂತೆ ರೂಟರಿನ ಸುತ್ತ ಸುತ್ತಿದ. ಅದಕ್ಕೆ ಎರಡು ಲೈನ್ ಸಿಕ್ಕಿಸಬಹುದಿತ್ತು. ಎರಡನೆಯದು ಇದ್ದದ್ದು ಪಕ್ಕದ ಮನೆಯಲ್ಲಿ, ಮನೆ ಪಾಲಾದಂದೇ ಮಾತು ಬಿಟ್ಟ ತನ್ನ ಅಣ್ಣನ ಹತ್ತಿರ.

ಕಿಟಕಿಯೊಳಗೆ ಒಂದು ಕೈ ಬಂತು, ಕೈಯಲ್ಲಿ ಕೇಬಲ್. "ನೆಟ್ ಕೈ ಕೊಟ್ಟಿದೆ ಅಂತ ನಿನ್ನತ್ತಿಗೆ ಹೇಳಿದ್ಲು. ಬೇಗ ಸಿಕ್ಸೋ! ಮೋಟು ಕೇಬಲ್ಲು, ನಾನು ಬಿಟ್ರೆ ಕಳಚ್ಕೊಳ್ಳುತ್ತೆ."

ತಮ್ಮ ರೂಟರನ್ನು ಕಿಟಕಿಗೆ ಎತ್ತಿ ಹಿಡಿದ, ಅಣ್ಣ ಹೊರಗೆ ಕೇಬಲ್ ಹಿಡಿದು ನಿಂತ. ಒಂದು ಲೈನ್ ಮುಗ್ಗರಿಸಿದಾಗಲೆಲ್ಲ ಇನ್ನೊಂದು ಆತುಕೊಂಡಿತು. ಇಬ್ಬರೂ ಮುಖ ನೋಡದೆ ಮಿನುಗುವ ದೀಪಗಳನ್ನೇ ನೋಡಿದರು.

ಮಗಳು ನಗುತ್ತಾ ಲ್ಯಾಪ್‌ಟಾಪ್ ಮುಚ್ಚಿ, ಮುಗಿಯಿತೆಂದು ಕೈಸನ್ನೆ ಮಾಡಿದಳು.

"ಮುಗೀತೇನೋ?" ಹೊರಗಿನಿಂದ ಅಣ್ಣ ಕೇಳಿದ. "ಕೈ ಜೋಮು ಹಿಡೀತು."

"ಇಲ್ಲಣ್ಣ," ಎಂದ ತಮ್ಮ. "ಇನ್ನೂ ಇದೆ. ಹಿಡ್ಕೊಂಡಿರು."