ಹನ್ನೊಂದರ ಇಸ್ತ್ರಿ

ಹರ್ಷವರ್ಧನ ಕಾರನ್ನು ಮನೆಗೆ ಕಾಣದಂತೆ ರಸ್ತೆಯ ತಿರುವಿನಲ್ಲೇ ನಿಲ್ಲಿಸಿ ಮೊಬೈಲ್ ತೆಗೆದ. ಹನ್ನೊಂದಕ್ಕೆ ಇನ್ನೂ ಎರಡು ನಿಮಿಷವಿತ್ತು. ಸಾಗರದ ಕಚೇರಿಯಲ್ಲಿ ತಲೆನೋವೆಂದು ಸುಳ್ಳು ಹೇಳಿ, ಹೊಸನಗರದವರೆಗೂ ಒಂದೇ ಉಸಿರಿಗೆ ಓಡಿಸಿಕೊಂಡು ಬಂದಿದ್ದ.

ಹನ್ನೊಂದಕ್ಕೆ ಸರಿಯಾಗಿ ಆ್ಯಪ್‌ನಲ್ಲಿ ಹಸಿರು ಗೆರೆ ಮೇಲೆದ್ದಿತು. ಸಾವಿರ ವ್ಯಾಟ್. ಅಂದರೆ ಇಸ್ತ್ರಿ ಪೆಟ್ಟಿಗೆ. ಇನ್ನು ಕಾಲು ಗಂಟೆಗೆ ಐವತ್ತೈದು ವ್ಯಾಟ್ ಸೇರಿಕೊಳ್ಳುತ್ತದೆ ಎಂಬುದೂ ಅವನಿಗೆ ಗೊತ್ತು. ಅದು ನಡುಮನೆಯ ಟೇಬಲ್ ಫ್ಯಾನ್. ಬಂದವರಿಗಲ್ಲದೆ ಆ ಮನೆಯಲ್ಲಿ ಆ ಫ್ಯಾನ್ ಹಾಕುವ ರೂಢಿಯೇ ಇರಲಿಲ್ಲ.

ಮನೆಗೆ ಸೋಲಾರ್ ಬಂದು ಒಂದೂವರೆ ತಿಂಗಳು. ಅಂದಿನಿಂದ ಭಾನುವಾರ ಬಿಟ್ಟು ದಿನವೂ ಇದೇ. ಗಂಡ ಕಚೇರಿಗೆ ಹೋದ ಮೇಲೆ, ಹೊತ್ತಲ್ಲದ ಹೊತ್ತಿನಲ್ಲಿ, ವಿನಯಾ ಯಾರಿಗಾಗಿ ಸೀರೆಗೆ ಇಸ್ತ್ರಿ ಹಾಕುತ್ತಾಳೆ? ಯಾರನ್ನು ಫ್ಯಾನಿನೆದುರು ಕೂರಿಸುತ್ತಾಳೆ? ಸಂಜೆ ಹೋದರೆ ಅವಳ ಕೈಯಲ್ಲಿ ಯಾವುದೋ ಎಣ್ಣೆಯ ಘಾಟು. ಕೇಳಿದರೆ ಮಂಡಿನೋವು ಎನ್ನುತ್ತಾಳೆ. ಮೂವತ್ತೆರಡರ ಹೆಂಗಸಿಗೆ ಮಂಡಿನೋವಂತೆ.

ಸಾಗರದ ಗೋಪಾಲಪ್ಪನವರ ಸೋಲಾರ್ ಅಂಗಡಿಗೆ ಇಬ್ಬರೂ ಸೇರಿಯೇ ಹೋಗಿದ್ದರು. ಗೋಪಾಲಪ್ಪ ಮೊದಲು ಮನೆಯ ಒಂದೊಂದು ಯಂತ್ರದ ಹೆಸರು, ಅದರ ವ್ಯಾಟ್ ಎಲ್ಲವನ್ನೂ ಪಟ್ಟಿ ಮಾಡಿಸಿದರು. ನಿಮ್ಮ ಮನೆಗೆ ಸಾದಾ ಇನ್ವರ್ಟರ್, ನೀರು ಹಾಕುವ ಬ್ಯಾಟರಿ ಧಾರಾಳವಾಯಿತು, ಮೂರು ತಿಂಗಳಿಗೊಮ್ಮೆ ನಮ್ಮ ಹುಡುಗ ಬಂದು ನೀರು ಹಾಕಿ ಹೋಗುತ್ತಾನೆ ಎಂದರು. ಹುಡುಗ ಬರುತ್ತಾನೆ ಎಂದ ಕೂಡಲೇ ಹರ್ಷವರ್ಧನ ಲಿಥಿಯಂ ಬ್ಯಾಟರಿ ಕೇಳಿದ. ಅದಕ್ಕೆ ನೀರೂ ಬೇಡ, ಹುಡುಗನೂ ಬೇಡ. ಇನ್ವರ್ಟರೂ ಅಷ್ಟೆ. ಮನೆಯಲ್ಲಿ ಎಷ್ಟು ಹೊತ್ತಿಗೆ ಎಷ್ಟು ಕರೆಂಟ್ ಹೋಗುತ್ತಿದೆ ಎಂಬುದನ್ನು ಎಲ್ಲಿದ್ದರೂ ಮೊಬೈಲಿನಲ್ಲಿ ತೋರಿಸುವಂಥದ್ದೇ ಆಗಬೇಕೆಂದು ಹಟ ಹಿಡಿದ. ಯಂತ್ರಗಳ ಪಟ್ಟಿಯನ್ನು ಫೋಟೋ ತೆಗೆದಿಟ್ಟುಕೊಂಡ. ಆ ಪಟ್ಟಿ ಕೈಯಲ್ಲಿದ್ದರೆ ಹೆಂಡತಿ ಎಷ್ಟು ಹೊತ್ತಿಗೆ ಏನು ಮಾಡುತ್ತಿದ್ದಾಳೆಂದು ಕೂತಲ್ಲೇ ಹೇಳಬಹುದಿತ್ತು.

ಅಲ್ಲಿಯವರೆಗೆ ಸುಮ್ಮನಿದ್ದ ವಿನಯಾ ಆಗ ಒಂದು ಪ್ರಶ್ನೆ ಕೇಳಿದ್ದಳು.

"ಸ್ವಿಚ್ ಹಾಕಿದ್ದು ಯಾರು ಅಂತಾನೂ ಗೊತ್ತಾಗುತ್ತಾ ಇದ್ರಲ್ಲಿ?"

"ಇಲ್ಲ ತಂಗಿ. ಕರೆಂಟ್ ಹೋಗಿದ್ದಷ್ಟೇ ಗೊತ್ತಾಗೋದು," ಎಂದಿದ್ದರು ಗೋಪಾಲಪ್ಪ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು ಎಂದುಕೊಂಡಿದ್ದ ಹರ್ಷವರ್ಧನ. ಹೊರಡುವಾಗ ಅವಳು, ಸೊಳ್ಳೆ ಮೆಷಿನ್ ಬೆಳಗಾಗುವವರೆಗೂ ಉರಿದು ಔಷಧಿ ದಂಡವಾಗುತ್ತದೆ, ತಾನೇ ಆರುವ ಪ್ಲಗ್ ಇದ್ದರೆ ಎರಡು ಕೊಡಿ ಎಂದು ಕೇಳಿದಳು. ಆನೆಯ ಬೆನ್ನ ಮೇಲೆ ಅದೂ ಒಂದು ನೊಣ, ಹಾಕಿ ಎಂದು ಇವನು ನಕ್ಕಿದ್ದ.

ಅವಳನ್ನು ಹದ್ದುಬಸ್ತಿನಲ್ಲಿಟ್ಟವನು ತಾನು ಎಂಬ ಜಂಬ ಅವನಿಗಿತ್ತು. ಅವಳ ತಮ್ಮನ ಮದುವೆಯಲ್ಲಿ ಊಟಕ್ಕೆ ತನ್ನನ್ನು ಎರಡನೇ ಸಲ ಕರೆಯಲಿಲ್ಲ ಎಂಬ ಸಿಟ್ಟಿಗೆ ಆನಂದಪುರದ ತವರನ್ನೇ ಕಡಿದುಹಾಕಿದ್ದ. ಆ ಹೊಸ್ತಿಲು ತುಳಿದ ದಿನ ಈ ಮನೆಯ ಬಾಗಿಲು ಮುಚ್ಚಿತು ಎಂದುಕೋ ಎಂದಿದ್ದ. ಅವಳ ತಾಯಿ ಕೆರಿಯಮ್ಮನಿಗೆ ಲಕ್ವ ಹೊಡೆದಾಗ ನೋಡಿಬರಲೇ ಎಂದು ಒಮ್ಮೆ ಕೇಳಿದಳು. ಆಗಲೂ ಅದೇ ಮಾತು. ಮತ್ತೆ ಕೇಳಲಿಲ್ಲ. ಅಂಥವಳು ಈಗ ಮನೆಯೊಳಗೇ ಯಾರನ್ನೋ ಕರೆಸಿಕೊಳ್ಳುತ್ತಿದ್ದಾಳೆ. ಇವತ್ತು ಕಣ್ಣಾರೆ ಕಂಡರೆ ಕೈಹಿಡಿದು ಹೊರಗೆ ಹಾಕುವುದೇ ಸೈ.

ಐವತ್ತೈದು ವ್ಯಾಟ್ ಸೇರಿಕೊಂಡಿತು. ಕಾರಿನಿಂದ ಇಳಿದ.

ಹಿತ್ತಲಿಗೆ ಸುತ್ತು ಹಾಕಿ, ತನ್ನ ಬಳಿಯಿದ್ದ ಕೀಲಿಯಿಂದ ಸದ್ದಿಲ್ಲದೆ ಬಾಗಿಲು ತೆಗೆದ. ಅಡುಗೆಮನೆ ಖಾಲಿ. ಚಪ್ಪಲಿ ಕಳಚಿ ಒಂದೊಂದೇ ಹೆಜ್ಜೆ ಇಟ್ಟ. ನಡುಮನೆಯಿಂದ ಫ್ಯಾನಿನ ಸದ್ದು ಬರುತ್ತಿತ್ತು. ನಿಜ ಹೇಳಬೇಕೆಂದರೆ ಅವನಿಗೆ ದುಃಖಕ್ಕಿಂತ ಗೆದ್ದೆನೆಂಬ ಖುಷಿಯೇ ಹೆಚ್ಚಾಗಿತ್ತು.

ನುಗ್ಗಿದ.

ಖಾಲಿ ಕುರ್ಚಿಯೊಂದಕ್ಕೆ ಫ್ಯಾನ್ ಗಾಳಿ ಹಾಕುತ್ತಿತ್ತು. ಮೇಜಿನ ಮೇಲೆ ಇಸ್ತ್ರಿ ಪೆಟ್ಟಿಗೆ ನೆಟ್ಟಗೆ ನಿಂತು ಕಾಯುತ್ತಿತ್ತು. ಸೀರೆಯಿಲ್ಲ, ಒಂದು ತುಂಡು ಬಟ್ಟೆಯೂ ಇಲ್ಲ. ಕೋಣೆ ನೋಡಿದ, ಬಚ್ಚಲು ನೋಡಿದ, ಮಂಚದ ಕೆಳಗೆ ಬಗ್ಗಿ ನೋಡಿದ. ಬಂದವನೂ ಇಲ್ಲ, ಬರಮಾಡಿಕೊಂಡವಳೂ ಇಲ್ಲ.

ತಿರುಗಿ ಬಂದು ಗೋಡೆಯನ್ನು ನೋಡಿದ. ಇಸ್ತ್ರಿಯ ವೈರ್‌ಗೂ ಗೋಡೆಗೂ ನಡುವೆ ಒಂದು ಬಿಳಿ ಪ್ಲಗ್. ಫ್ಯಾನಿಗೂ ಅಂಥದ್ದೇ ಒಂದು. ಸೊಳ್ಳೆ ಮೆಷಿನ್ನಿಗೆಂದು ತಂದವು. ಇಸ್ತ್ರಿಯ ಪ್ಲಗ್ಗಿನಲ್ಲಿ ಗಂಟೆಗಳ ಗುರುತಿದ್ದ ಪುಟ್ಟ ಚಕ್ರ ನಿಧಾನಕ್ಕೆ ತಿರುಗುತ್ತಿತ್ತು. ನೋಡುತ್ತಿದ್ದಂತೆ ಹನ್ನೊಂದೂವರೆಯಾಯಿತು. ಟಕ್ಕೆಂದಿತು. ಇಸ್ತ್ರಿಯ ಕೆಂಪು ದೀಪ ತಾನೇ ಆರಿತು. ಹೊತ್ತಿಸಿದ್ದೂ ಅದೇ ಎಂದು ಅವನಿಗೆ ಆಗ ಹೊಳೆಯಿತು.

ಫೋನ್ ಮಾಡಿದ. ಯಾವಾಗಲೂ ಒಂದೇ ರಿಂಗಿಗೆ ಎತ್ತುವವಳು ಇವತ್ತು ಬಹಳ ಹೊತ್ತು ಎತ್ತಲಿಲ್ಲ. ಎತ್ತಿದಾಗ ಎಲ್ಲೋ ಒಂದು ಬಾಗಿಲು ಎಳೆದುಕೊಂಡ ಸದ್ದು. ಬಾಗಿಲಾಚೆಯಿಂದ ಹೆಂಗಸರ ಗೋಳಾಟ. ಅದರಲ್ಲೊಂದು ಮುದಿದನಿ ಸ್ಪಷ್ಟವಾಗಿ ಕೇಳಿಸಿತು: "ಕೆರಿಯಮ್ಮಾ, ಹೋಗೇಬಿಟ್ಯಲ್ಲೇ."

"ಏನ್ ಮಾಡ್ತಿದ್ದೀಯ?" ಎಂದ ಹರ್ಷವರ್ಧನ. ಬೇರೆ ಮಾತು ಅವನಿಗೆ ಬರುತ್ತಿರಲಿಲ್ಲ.

"ಇಸ್ತ್ರಿ ಮಾಡ್ತಾ ಇದ್ದೀನಿ ರೀ," ಎಂದಳು ವಿನಯಾ, ದನಿ ನಡುಗದಂತೆ ಹಿಡಿದುಕೊಂಡು. "ಮೊಬೈಲಲ್ಲಿ ಕಾಣ್ತಿಲ್ವಾ?"