ಮುಳ್ಳಿನ ಸಾಕ್ಷಿ

“ಸುಳ್ಳು ಹೇಳುವುದು ಗೇಜೋ ನೀನೋ, ಈಗ ಗೊತ್ತಾಗುತ್ತದೆ,” ಎಂದ ಪುರುಷೋತ್ತಮ. “ಗೇಜು ಸರಿ ಅಂತಾದರೆ ಎಲ್ಲರೆದುರು ಕೈಮುಗಿದು ತಪ್ಪಾಯಿತು ಅನ್ನಬೇಕು. ಆಮೇಲೆ ಈ ಗೇಟಿನೊಳಗೆ ಕಾಲಿಡಬಾರದು. ಒಪ್ಪಿಗೆಯಾ?”

“ಒಪ್ಪಿಗೆ ಸಾರ್,” ಎಂದಳು ಹರಿಣಾಕ್ಷಿ.

ಬೋವಿಕಾನದಿಂದ ಒಳರಸ್ತೆಯಲ್ಲಿ ಹೋದರೆ ಸಿಗುವ ಆ ಗೇರುಬೀಜದ ಫ್ಯಾಕ್ಟರಿಯಲ್ಲಿ ಆವತ್ತು ಬೆಳಗ್ಗೆ ಕೆಲಸ ಶುರುವಾಗಿರಲಿಲ್ಲ. ಹೆಂಗಸರೆಲ್ಲ ಬಾಯ್ಲರ್ ಶೆಡ್ಡಿಗೆ ಅಡ್ಡ ನಿಂತಿದ್ದರು. ಮ್ಯಾನೇಜರ್ ಪುರುಷೋತ್ತಮ ಮೆಟ್ಟಿಲ ಮೇಲೆ. ಅಲ್ಲಿಯದೇ ಕೆಲಸಗಾರ್ತಿ, ಯೂನಿಯನ್ನಿನ ಹರಿಣಾಕ್ಷಿ ಮೆಟ್ಟಿಲ ಕೆಳಗೆ.

ಮುಂದಿನ ಸಾಲಿನಲ್ಲಿ ಯಶ್ಮಿತಾ. ಬೆರಳಿನಿಂದ ಮೊಣಕೈವರೆಗೆ ಬ್ಯಾಂಡೇಜು. ಬೀಜ ಬೇಯಿಸುವ ಕುಕ್ಕರಿನ ಪೈಪು ಕಿತ್ತು ಉಗಿ ಬಡಿದದ್ದು. ಅವಳು ನೆಲದಲ್ಲಿ ಹೊರಳುತ್ತಿರುವಾಗಲೇ ಪುರುಷೋತ್ತಮ ಬಾಯ್ಲರಿನ ಉಗಿಯ ಒತ್ತಡ ತೋರಿಸುವ ಗೇಜಿಗೆ ಬೆರಳು ತೋರಿಸಿದ್ದ. ಮುಳ್ಳು ಐದು ಕಿಲೋದಲ್ಲಿತ್ತು. ಅಪಾಯದ ಕೆಂಪು ಗೆರೆ ಇದ್ದದ್ದು ಏಳರಲ್ಲಿ. ಒತ್ತಡ ಹೆಚ್ಚಿರಲಿಲ್ಲ, ಆದ್ದರಿಂದ ತಪ್ಪು ಅವಳದು. ತೀರ್ಪು ಆಂಬುಲೆನ್ಸಿಗಿಂತ ಮೊದಲೇ ಬಂದಿತ್ತು.

ಹರಿಣಾಕ್ಷಿ ಒಪ್ಪಲಿಲ್ಲ. ಮುಳ್ಳು ಸುಳ್ಳು ಹೇಳುತ್ತದೆ ಎಂದಳು. ಬೀಜ ಬೇಗ ಬೇಯಲೆಂದು ಹಳೆಯ ಬಾಯ್ಲರಿಗೆ ತಡೆಯಲಾರದಷ್ಟು ಬೆಂಕಿ ಕೊಡುತ್ತಾರೆ, ಇವತ್ತು ಪೈಪು ಹೋಯಿತು, ನಾಳೆ ಬಾಯ್ಲರೇ ಸಿಡಿದರೆ ಶೆಡ್ಡಿನಲ್ಲಿ ಒಬ್ಬಳೂ ಉಳಿಯುವುದಿಲ್ಲ ಎಂದಳು. ಲೇಬರ್ ಆಫೀಸಿನ ಮೆಟ್ಟಿಲು ಹತ್ತಿ ಇಳಿದು, ಕೊನೆಗೆ ಪರೀಕ್ಷೆಗೆ ದಿನ ಗೊತ್ತುಮಾಡಿಸಿದ್ದಳು.

“ಆ ದಿನ ಯಾವುದೂಂತ ನೀವು ಇವನಿಗೆ ಮೊದಲೇ ಹೇಳಬಾರದಿತ್ತು ಅಕ್ಕ,” ಯಶ್ಮಿತಾ ಪಿಸುಗುಟ್ಟಿದಳು. “ಒಮ್ಮೆಲೇ ಬಂದು ಹಿಡಿಯಬೇಕಿತ್ತು.”

“ನೀನು ಬಾಯಿ ಮುಚ್ಚು.”

ಗೇಜುಗಳ ಅಳತೆ ಪರೀಕ್ಷಿಸಲು ಮಂಗಳೂರಿನಿಂದ ಬಂದಿದ್ದ ಕ್ಯಾಲಿಬ್ರೇಶನ್‌ನ ಜಿತೇಂದ್ರ ಬಾಯ್ಲರಿನಿಂದ ಗೇಜು ಬಿಚ್ಚಿ ತಂದು ಮೇಜಿನ ಮೇಲಿಟ್ಟ. ಗಾಜು ಫಳಫಳ ಹೊಳೆಯುತ್ತಿತ್ತು. “ತಿಕ್ಕಿ ತೊಳೆದು ಮದುಮಗಳ ಹಾಗೆ ಮಾಡಿದ್ದಾರೆ,” ಎಂದು ಹಿಂದಿನಿಂದ ಯಾರೋ ಕುಟುಕಿದರು. ಬಾಯ್ಲರಿಗೆ ಬೆಂಕಿ ಹಾಕುವ ತಿರುಮಲೇಶ್ವರ ಮಾತ್ರ ನೆಲ ನೋಡುತ್ತಾ ನಿಂತಿದ್ದ.

ಜಿತೇಂದ್ರ ಪೆಟ್ಟಿಗೆಯಿಂದ ತನ್ನ ಮಾಸ್ಟರ್ ಗೇಜು ತೆಗೆದ. ಎರಡನ್ನೂ ಒಂದೇ ಕೈಪಂಪಿಗೆ ಜೋಡಿಸಿ ಒತ್ತಿದ. ಎರಡು ಮುಳ್ಳುಗಳೂ ಒಟ್ಟಿಗೆ ಎದ್ದವು. ಮೂರಕ್ಕೆ ಮೂರು. ಐದಕ್ಕೆ ಐದು. ಏಳಕ್ಕೆ ಏಳು. ಇಳಿಸುವಾಗಲೂ ಹಾಗೆಯೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

“ಗೇಜು ಸರಿ ಉಂಟು,” ಎಂದ ಜಿತೇಂದ್ರ.

ಹೆಂಗಸರ ಸಾಲು ಸಡಿಲವಾಯಿತು. ಯಶ್ಮಿತಾ ಬ್ಯಾಂಡೇಜಿನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು, ಕದ್ದ ಮಾಲಿನ ಹಾಗೆ.

“ಎಂತ ಹರಿಣಾಕ್ಷಿ? ನಾಲಗೆ ಎಲ್ಲಿ ಹೋಯಿತು?”

“ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ವಿಷ ಸುರಿದವರೂ ಅಳತೆ ಸರಿ ಉಂಟು ಅಂತಲೇ ಹೇಳಿದ್ದರು ಸಾರ್.”

“ಭಾಷಣ ಬೇಡ. ಕೈ ಮುಗಿ.”

ಹರಿಣಾಕ್ಷಿ ಕೈ ಮುಗಿದಳು. “ತಪ್ಪಾಯಿತು.” ನಂತರ ಕೈ ಇಳಿಸಿ ಅಂದಳು, “ಇವತ್ತು ಸರಿ ತೋರಿಸಿತು. ನಾಳೆ ತಪ್ಪು ತೋರಿಸಿದರೆ ಈ ಹೆಂಗಸರು ಮತ್ತೆ ಇಲ್ಲಿ ಬಂದು ನಿಲ್ಲುತ್ತಾರೆ.”

“ನಾಳೆ ನೀವೇ ಅದನ್ನು ತಿರುಚಿ ನನ್ನ ತಲೆಗೆ ಕಟ್ಟುವವರು!” ಪುರುಷೋತ್ತಮನ ಕುತ್ತಿಗೆಯ ನರ ಉಬ್ಬಿತು. “ಜಿತೇಂದ್ರರೇ, ಅದನ್ನು ಬಾಯ್ಲರಿಗೆ ಕೂರಿಸಿ ಸೀಲು ಹಾಕಿ. ಒಬ್ಬಳೂ ಮುಟ್ಟಬಾರದು.”

“ಸೀಲುಗೀಲು ಎಂತಕ್ಕೆ ಸಾರ್?” ಹರಿಣಾಕ್ಷಿಯ ದನಿ ತಗ್ಗಿತು. “ನಮ್ಮ ಮೇಲೆ ಅಷ್ಟೂ ನಂಬಿಕೆ ಇಲ್ಲವಾ?”

“ಇಲ್ಲ.”

“ಹಾಕಿದರೆ ಮತ್ತೆ ನೀವೂ ಬಿಚ್ಚುವ ಹಾಗಿಲ್ಲ,” ಎಂದ ಜಿತೇಂದ್ರ. “ಸೀಲು ಮುರಿದದ್ದು ಗೊತ್ತಾದರೆ ಇನ್‌ಸ್ಪೆಕ್ಟರ್ ಬಾಯ್ಲರಿಗೇ ಬೀಗ ಹಾಕುತ್ತಾರೆ. ಯೋಚಿಸಿ.”

ಪುರುಷೋತ್ತಮ ಒಂದು ಮೆಟ್ಟಿಲು ಇಳಿದ. ಗೇಜನ್ನೊಮ್ಮೆ ನೋಡಿದ, ಹೆಂಗಸರನ್ನೊಮ್ಮೆ.

“ನೋಡಿ,” ಹರಿಣಾಕ್ಷಿ ನಕ್ಕಳು. “ಸಾರಿಗೇ ಧೈರ್ಯ ಸಾಲುವುದಿಲ್ಲ.”

“ಹಾಕಿ ಮಾರಾಯ್ರೇ!”

ತಂತಿ ಬಿಗಿಯಿತು. ಸೀಸದ ಬಿಲ್ಲೆಯ ಮೇಲೆ ಮುದ್ರೆ ಬಿತ್ತು. ಹರಿಣಾಕ್ಷಿ ಚೀಲ ಹೆಗಲಿಗೆ ಹಾಕಿ ಗೇಟು ದಾಟಿದಳು. ಯಾರೂ ಜತೆಗೆ ಬರಲಿಲ್ಲ. ಯಾರೋ ಒಬ್ಬಳು ಉಗುಳಿದಳು.

ಎದುರಿನ ಬಸ್‌ಸ್ಟಾಪಿನ ಕಟ್ಟೆಯಲ್ಲಿ ಕೂತಳು. ಬಸ್ಸು ಬಂತು, ಹೋಯಿತು. ಹತ್ತಲಿಲ್ಲ. ಫ್ಯಾಕ್ಟರಿಯ ಚಿಮಣಿಯಲ್ಲಿ ಹೊಗೆ ಎದ್ದಿತ್ತು.

ಊಟದ ಬಿಡುವಿಗೆ ಯಶ್ಮಿತಾ ರಸ್ತೆ ದಾಟಿ ಬಂದಳು. ಕೂರಲಿಲ್ಲ.

“ನಿಮ್ಮ ಕೆಲಸವೂ ಹೋಯಿತು, ನಮ್ಮ ಮಾನವೂ ಹೋಯಿತು. ಇನ್ನು ನಾವು ಸತ್ತರೂ ಯಾರೂ ನಂಬುವುದಿಲ್ಲ. ಎಂತ ಸಿಕ್ಕಿತು ಅಕ್ಕ ನಿಮಗೆ?”

ಹರಿಣಾಕ್ಷಿಯ ಕಿವಿ ಶೆಡ್ಡಿನ ಕಡೆಗಿತ್ತು. ಅಲ್ಲಿಂದ ಪುರುಷೋತ್ತಮನ ಅಬ್ಬರ ಗೇಟಿನಾಚೆಗೂ ಕೇಳಿಸಿತು.

“ಒಲೆಯಿಂದ ಬೆಂಕಿ ಯಾಕೆ ಹೊರಗೆಳೆದದ್ದು? ಇಷ್ಟು ಉಗಿಯಲ್ಲಿ ಬೀಜ ಯಾವಾಗ ಬೇಯುವುದು, ನಿನ್ನ ತಿಥಿಗಾ?”

“ಮುಳ್ಳು ಏಳಕ್ಕೆ ಬಂತು ಸಾರ್,” ಎಂದಿತು ತಿರುಮಲೇಶ್ವರನ ದನಿ. “ನೀವೇ ನೋಡಿ.”

“ಆ ದರಿದ್ರವನ್ನು ಬಿಚ್ಚು!”

“ಸೀಲು ಉಂಟಲ್ಲ ಸಾರ್.”

ಯಶ್ಮಿತಾ ಶೆಡ್ಡಿನತ್ತ ತಿರುಗಿದಳು. ದಿನವೂ ಹಾಕುವ ಅದೇ ಬೆಂಕಿ. ಯಾವತ್ತೂ ಐದು ದಾಟದ ಮುಳ್ಳು. ಅವಳು ನಿಧಾನವಾಗಿ ಹರಿಣಾಕ್ಷಿಯ ಮುಖ ನೋಡಿದಳು.

“ಪರೀಕ್ಷೆಯವರಿಗೆ ತೋರಿಸಲಿಕ್ಕೆಂದೇ ಅವನ ಹತ್ತಿರ ಒಳ್ಳೆ ಗೇಜು ಒಂದುಂಟು ಮಾರಾಯ್ತಿ, ಅವರು ಬೆನ್ನು ಹಾಕಿದ ಕೂಡಲೇ ಬಿಚ್ಚಿ ಕಪಾಟಿಗೆ ಹೋಗುವಂಥದ್ದು,” ಎಂದಳು ಹರಿಣಾಕ್ಷಿ. “ಇನ್ನು ಅದು ನಿಮ್ಮದು.”