ರೈಫಲ್ ಕೇಳಲು ಬಂದ ಭಾವ

"ನಿನ್ನ ರೈಫಲ್ ಸ್ವಲ್ಪ ಕೊಡು ವರ್ನ್. ನಂದು ಗುರಿ ತಪ್ತಾ ಇದೆ," ಎಂದ ಹಾರ್ಲನ್, ಹಿಮ ಮೆತ್ತಿದ ಬೂಟನ್ನೂ ಬಿಚ್ಚದೆ.

ಒಲೆಗೆ ಸೌದೆ ತುರುಕುತ್ತಿದ್ದ ವರ್ನ್ ತಿರುಗಿ ನೋಡಿದ. ಬೆಳಗಾದರೆ ಜಿಂಕೆ ಬೇಟೆಯ ಮೊದಲ ದಿನ. ಮಿಷಿಗನ್ನಿನ ಈ ಉತ್ತರದ ಕಾಡಿನಲ್ಲಿ ಅಂದು ಶಾಲೆಗೂ ರಜೆ; ಆ ದಿನ ಮದುವೆ ಇಟ್ಟುಕೊಂಡವನಿಗೆ ನೆಂಟರೆಲ್ಲರ ಶಾಪ. ಅಂಥ ಹೊತ್ತಿನಲ್ಲಿ ಒಬ್ಬನ ರೈಫಲನ್ನು ಇನ್ನೊಬ್ಬ ಕೇಳುವುದೆಂದರೆ ಅವನ ಹಲ್ಲುಜ್ಜುವ ಬ್ರಷ್ ಕೇಳಿದ ಹಾಗೆ.

"ಯಾವುದು ಬೇಕು?"

"ಎಲ್ಲಾ."

"ಎಲ್ಲಾನೂ? ನಿಂಗೆ ಎಷ್ಟು ಕೈ ಭಾವ?"

ಹಾರ್ಲನ್ ಪೆಚ್ಚಾದ. ದಾರಿಯುದ್ದಕ್ಕೂ ಟ್ರಕ್ಕಿನೊಳಗೆ ಬಾಯಿಪಾಠ ಮಾಡಿಕೊಂಡು ಬಂದ ಸುಳ್ಳು ಅಷ್ಟಕ್ಕೇ ಮುಗಿದುಹೋಗಿತ್ತು. ಪಾಪದ ಮನುಷ್ಯ, ಇಸ್ಪೀಟಿನಲ್ಲೂ ಮೋಸ ಮಾಡಲು ಬಾರದವನು.

"ಅಕ್ಕ ಕಳಿಸಿದ್ಲಾ?" ಎಂದ ವರ್ನ್.

"ನಿನ್ನ ನಾಯೀನ ಪಕ್ಕದ ಮನೆಗೆ ಕೊಟ್ಟುಬಿಟ್ಯಂತೆ. ಆ ಸುದ್ದಿ ಕೇಳಿದಾಗಿಂದ ನಿನ್ನಕ್ಕ ಆರ್ಡಿಸ್ ಸರಿಯಾಗಿ ಊಟ ಮಾಡಿಲ್ಲ."

"ನಾಯಿಗೆ ವಯಸ್ಸಾಯ್ತು."

"ವಯಸ್ಸಾಗಿರೋದು ನಮಗೆ. ಅದು ಇನ್ನೂ ಮರಿ. ಮೇವಿಸ್ ತೀರಿಹೋದಮೇಲೆ ನೀನು ನಿದ್ದೆ ಮಾಡ್ತಿಲ್ಲ, ಯಾರ ಹತ್ರಾನೂ ಮಾತಾಡ್ತಿಲ್ಲ. ಡಾಕ್ಟರ ಹತ್ರ ಹೋಗೋಣ ಬಾ ಅಂದ್ರೆ ಬಾಗಿಲು ಹಾಕ್ಕೋತೀಯ. ನೀನು ಏನಾದ್ರೂ ಮಾಡ್ಕೋತೀಯ ಅಂತ ನಂಗೆ ಭಯ ಕಣೋ."

ವರ್ನ್ ಒಲೆಯ ಬಾಗಿಲು ಮುಚ್ಚಿದ. ಅವನ ಕಣ್ಣು ಗೋಡೆಯ ಮೇಲಿತ್ತು. ಜಿಂಕೆಗೆ ಹೊಡೆದ ಗುಂಡು ತಪ್ಪಿದರೆ ಹೊಡೆದವನ ಅಂಗಿಯ ಹಿಂಚುಂಗು ಕತ್ತರಿಸಿ, ಹೆಸರು ಬರೆದು, ಈ ಬೇಟೆಮನೆಯ ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಬೇಕು. ಅಪ್ಪಂದಿರ ಕಾಲದಿಂದ ಬಂದ ಕಟ್ಟಳೆ. ಅಪ್ಪಂದಿರ ಚುಂಗುಗಳೂ ಅಲ್ಲಿದ್ದವು, ಹೊಗೆ ಹಿಡಿದು ಕಪ್ಪಾಗಿ. ಒಲೆಯ ಮೇಲ್ಭಾಗದ ಕೆಂಪು ಚೌಕಳಿ ತುಂಡು ಮಾತ್ರ ಅವನ ಹೆಂಡತಿ ಮೇವಿಸಳದು. ಹೊಸ ಮದುವೆಯ ವರ್ಷ ಹಟಮಾಡಿ ಬೇಟೆಗೆ ಬಂದು, ಕಣ್ಣೆದುರಿಗೆ ನಿಂತಿದ್ದ ಜಿಂಕೆಯನ್ನು ಬಿಟ್ಟು ಮರಕ್ಕೆ ಹೊಡೆದಿದ್ದಳು. ಕತ್ತರಿ ಹಿಡಿದು ವರ್ನ್ ಅಟ್ಟಿಸಿಕೊಂಡು ಹೋದಾಗ ಅವಳು ನಕ್ಕ ನಗೆಗೆ ಸುತ್ತಲಿನ ಜಿಂಕೆಗಳೆಲ್ಲ ದಿಕ್ಕಾಪಾಲಾಗಿದ್ದವು. ಎಷ್ಟು ಚೆನ್ನಾಗಿತ್ತು ಆ ವರ್ಷ!

ಆಮೇಲೂ ಪ್ರತಿ ವರ್ಷ ಬರುತ್ತಿದ್ದಳು, ಅಡಿಗೆಗೆ. ಭಾವ ಭಾಮೈದರ ಜಗಳಕ್ಕೆ ತೀರ್ಪು ಕೊಡುವವಳೂ ಅವಳೇ. ತಲೆ ಕೆಟ್ಟವನ ಕೈಯಿಂದ ಬಂದೂಕು ಕಿತ್ತುಕೊಳ್ಳುವ ಕಾನೂನು ಬೇಕು ಎಂದು ಹಾರ್ಲನ್. ಯಾರ ತಲೆ ಕೆಟ್ಟಿದೆ ಅಂತ ಹೇಳೋಕೆ ಸರ್ಕಾರ ಯಾರು, ಬಂದೂಕು ನನ್ನ ಹಕ್ಕು, ಸಂವಿಧಾನ ಓದು ಎಂದು ವರ್ನ್. ದನಿ ಏರಿದಾಗ ಮೇವಿಸ್ ಸೌಟಿನಿಂದ ಪಾತ್ರೆ ಬಡಿಯುತ್ತಿದ್ದಳು: "ಸಂವಿಧಾನ ಆಮೇಲೆ. ಇಬ್ರೂ ಹೋಗಿ ಮೊದಲು ಸೌದೆ ತನ್ನಿ!"

"ಈಗ ಕಾನೂನು ಬಂದಿದೆಯಲ್ಲ," ಎಂದ ವರ್ನ್ ಕಹಿಯಾಗಿ. "ಮನೆಯವರೇ ಜಡ್ಜ್ ಹತ್ರ ಹೋಗಿ ಹೇಳಿದ್ರೆ ಸಾಕಂತೆ. ಪೊಲೀಸರನ್ನ ಕಳಿಸು. ಇಷ್ಟು ವರ್ಷ ಅದಕ್ಕೇ ತಾನೆ ನನ್ನ ತಲೆ ತಿಂದಿದ್ದು?"

"ಆರ್ಡಿಸ್ ಇವತ್ತೇ ಹೋಗ್ತೀನಿ ಅಂದ್ಲು. ನಾನೇ ತಡೆದೆ."

"ಯಾಕೆ, ಕಾನೂನಿನ ಮೇಲೆ ಪ್ರೀತಿ ಹೋಯ್ತಾ?"

"ಇಲ್ಲ. ಆದ್ರೆ ಪೊಲೀಸರು ಬಂದು ತಗೊಂಡು ಹೋದ್ರೆ ನೀನು ಮತ್ತೆ ನನ್ನ ಜತೆ ಈ ಒಲೆ ಮುಂದೆ ಕೂರಲ್ಲ. ನಂಗೆ ಆ ಜಗಳ ಬೇಕು ಮಾರಾಯ. ನಮ್ಮ ಕಾಲದ್ದು ಅಂತ ಉಳಿದಿರೋದು ಅದೊಂದೇ."

"ನಾನು ಕೊಡಲ್ಲ ಅಂದ್ರೆ?"

"ಆಗ ನಾನೇ ಜಡ್ಜ್ ಹತ್ರ ಹೋಗ್ತೀನಿ. ನೀನು ಜನ್ಮದಲ್ಲಿ ನನ್ನ ಮುಖ ನೋಡದಿದ್ರೂ ಸರಿ, ಬದುಕಿದ್ರೆ ಸಾಕು."

ಒಲೆಯ ಸೌದೆ ಉರಿದು ಕುಸಿಯಿತು. ವರ್ನ್ ಎದ್ದ. ಗೂಟದಿಂದ ಒಂದೊಂದೇ ರೈಫಲ್ ಇಳಿಸಿ, ಖಾಲಿಯಿದೆಯೇ ಎಂದು ತೆರೆದು ನೋಡಿ, ತೆರೆದೇ ಭಾವನ ಕೈಗಿಟ್ಟ. ಹಾಗೆ ಕೊಡಬೇಕೆಂದು ಅವರಿಬ್ಬರಿಗೂ ಕಲಿಸಿದ್ದು ವರ್ನ್‌ನ ಅಪ್ಪ. ಅಪ್ಪನ ರೈಫಲ್ ಬಂದಾಗ ಮಾತ್ರ ಅವನ ಹೆಬ್ಬೆರಳು ಅದರ ಮರದ ಹಿಡಿಯ ಮೇಲೆ ಸ್ವಲ್ಪ ಹೊತ್ತು ಹಾಗೇ ನಿಂತಿತು.

ಎಲ್ಲವನ್ನೂ ಕಂಬಳಿಯಲ್ಲಿ ಸುತ್ತಿ ಟ್ರಕ್ಕಿಗೆ ಹಾಕಿಕೊಂಡು ಹಾರ್ಲನ್ ಇಂಜಿನ್ ಚಾಲೂ ಮಾಡುವುದರಲ್ಲಿದ್ದ. ನಾಳೆ ಬೇಟೆಯಿಲ್ಲ, ಡಾಕ್ಟರ ಹತ್ತಿರ ಎಂದೂ, ಈಗ ನೇರ ಅಕ್ಕನ ಮನೆಗೆ ಎಂದೂ ಇಬ್ಬರಲ್ಲಿ ಮಾತಾಗಿತ್ತು. ಪಕ್ಕದ ಸೀಟಿಗೆ ಹತ್ತಿದ ವರ್ನ್ ಬಾಗಿಲು ಹಾಕದೆ ಕುಳಿತ. ಕೋಟಿನ ಒಳಜೇಬಿಗೆ ಕೈ ಹಾಕಿ ಒಂದು ಪುಟ್ಟ ಪಿಸ್ತೂಲು ತೆಗೆದು, ಗುಂಡು ಕಳಚಿ, ಇಬ್ಬರ ನಡುವೆ ಇಟ್ಟ. ಜಿಂಕೆ ಬೇಟೆಗೆ ಯಾರೂ ತರುವಂಥದ್ದಲ್ಲ ಅದು. ಮೈಯ ಶಾಖ ಇನ್ನೂ ಅದರಲ್ಲಿತ್ತು.

"ಇದು ನಿಂಗೆ ಗೊತ್ತಿರಲಿಲ್ಲ," ಎಂದ, ಎದುರಿನ ಹಿಮ ನೋಡುತ್ತಾ.

ಹಾರ್ಲನ್ ಅದನ್ನೆತ್ತಿ ತನ್ನ ಕೋಟಿನ ಜೇಬಿಗೆ ಹಾಕಿಕೊಂಡ.

"ಹಿಮ ಕರಗಲಿ. ನಿನ್ನ ಬಾಗಿಲಿಗೆ ಬಂದು ಎಲ್ಲಾ ವಾಪಸ್ ಕೇಳ್ತೀನಿ. ನನ್ನ ಹಕ್ಕು ಅದು, ತಿಳೀತಾ?"

ಇಷ್ಟು ವರ್ಷ ಆ ಮಾತು ಕೇಳಿದರೆ ಹಾರ್ಲನ್ ಉರಿದುಬೀಳುತ್ತಿದ್ದ. ಇಂದು ಸ್ಟಿಯರಿಂಗಿಗೆ ಹಣೆ ಹಚ್ಚಿ ಬಿಕ್ಕಿದ.

"ಇನ್ನೊಂದ್ಸಲ ಹೇಳು ವರ್ನ್," ಎಂದ.